ಇಪ್ಪತ್ತು ವರ್ಷಗಳ ಹಿಂದಿನ ಸ್ಫೋಟಕ್ಕೂ ಅಪ್ಪನ ಈಗಿನ ಮರೆವಿಗೂ ಸಂಬಂಧವಿದೆಯೇ?

ಪ್ರಶ್ನೆ: ತೆಂಗಿನತೋಟ

ನನ್ನ ತಂದೆಯವರು 1986ರಲ್ಲಿ ಮದ್ರಾಸ್ ಸ್ಯಾಪರ್ಸ್ ಪಡೆಯನ್ನು ಸೇರಿ, 2008ರಲ್ಲಿ ಹವಾಲ್ದಾರರಾಗಿ ನಿವೃತ್ತರಾದರು. ಸೇನೆಯ ಎಂಜಿನಿಯರ್ ವಿಭಾಗದವರಾದ್ದರಿಂದ ಸೇತುವೆ ಕಟ್ಟುವುದು, ಬಂಡೆ ಸಿಡಿಸುವುದು, ನೆಲಬಾಂಬ್ ಹೂಳುವುದು ಮತ್ತು ತೆಗೆಯುವುದು ಅವರ ನಿತ್ಯದ ಕೆಲಸವಾಗಿತ್ತು. ಪಾಕಿಸ್ತಾನದ ಗಡಿಯುದ್ದಕ್ಕೂ ಸೇನೆಯನ್ನು ನಿಲ್ಲಿಸಿದ್ದ ಆಪರೇಷನ್ ಪರಾಕ್ರಮದ ಸಂದರ್ಭದಲ್ಲಿ ರಾಜಸ್ಥಾನದ ಗಡಿಯಲ್ಲಿ ಹೂತಿದ್ದ ಬಾಂಬುಗಳನ್ನು ಹಿಂತೆಗೆಯುವಾಗ, 2003ರ ಆರಂಭದಲ್ಲಿ, ಅವರಿಂದ ಸುಮಾರು ಇಪ್ಪತ್ತು ಹೆಜ್ಜೆ ದೂರದಲ್ಲಿ ಟ್ಯಾಂಕ್ ನಿರೋಧಕ ಬಾಂಬೊಂದು ಸಿಡಿಯಿತು. ಮೈಮೇಲೆ ಒಂದು ಗೀರೂ ಆಗಲಿಲ್ಲ. ಎಡಗಿವಿಯಿಂದ ರಕ್ತ ಬಂತು, ಸ್ವಲ್ಪ ಹೊತ್ತು ತಾವೆಲ್ಲಿದ್ದೇವೆಂಬುದೇ ತಿಳಿಯಲಿಲ್ಲ, ಎರಡು ದಿನ ವಾಂತಿಯಾಯಿತು. ಆಸ್ಪತ್ರೆಯಲ್ಲಿ ತೆಗೆದ ಸಿ.ಟಿ. ಸ್ಕ್ಯಾನಿನಲ್ಲಿ ಏನೂ ಕಾಣಲಿಲ್ಲವಾದ್ದರಿಂದ ಹತ್ತು ದಿನಗಳ ನಂತರ ಮತ್ತೆ ಕೆಲಸಕ್ಕೆ ಹಾಜರಾದರು. ಇಷ್ಟನ್ನೂ ಅವರು ನಮಗೆ ಹೇಳಿದ್ದು ಹೋದ ವರ್ಷವಷ್ಟೇ.

ಅವರಿಗೀಗ ಐವತ್ತೊಂಬತ್ತು ವರ್ಷ. ನಮ್ಮದು ಅರಸೀಕೆರೆಯ ಕಡೆ ತೆಂಗಿನ ತೋಟ. ಮೊದಲೆಲ್ಲ ಸಾವಿರಾರು ಕಾಯಿಗಳನ್ನು ಬಾಯಿಲೆಕ್ಕದಲ್ಲೇ ಎಣಿಸಿ ಮುಗಿಸುತ್ತಿದ್ದವರು ಈಗ ಇನ್ನೂರು ದಾಟುವುದರೊಳಗೆ ಲೆಕ್ಕ ತಪ್ಪುತ್ತಾರೆ, ತಪ್ಪಿದ್ದನ್ನು ಯಾರಾದರೂ ಹೇಳಿದರೆ ಸಿಡಿದೇಳುತ್ತಾರೆ. ಪಂಪ್‌ಸೆಟ್ ಹಾಕಲು ಹೋಗಿ, ಬಂದದ್ದು ಯಾತಕ್ಕೆಂದು ಮರೆತು ಹಿಂದಿರುಗುತ್ತಾರೆ. ಕುಕ್ಕರಿನ ಸೀಟಿಗೆ ಬೆಚ್ಚಿಬೀಳುತ್ತಾರೆ. ದೀಪಾವಳಿಯ ಮೂರು ದಿನವೂ ಊರು ಬಿಟ್ಟು ತೋಟದ ಮನೆಯಲ್ಲಿ ಒಬ್ಬರೇ ಮಲಗುತ್ತಾರೆ. ನಿದ್ದೆ ಇಲ್ಲ, ವಾರದಲ್ಲಿ ನಾಲ್ಕು ದಿನ ತಲೆನೋವು, ಸಂಜೆಗೆ ಕ್ಯಾಂಟೀನಿನ ರಮ್ಮು. ಒಬ್ಬ ವೈದ್ಯರು ಖಿನ್ನತೆ ಎಂದರು, ಇನ್ನೊಬ್ಬರು ಕುಡಿತ ಎಂದರು, ಮೂರನೆಯವರು ವಯಸ್ಸಾಯಿತಲ್ಲ ಎಂದು ನಿದ್ದೆ ಮಾತ್ರೆ ಬರೆದುಕೊಟ್ಟರು.

ನನ್ನ ಪ್ರಶ್ನೆಗಳು ಎರಡೇ. ಅಂದು ಸ್ಕ್ಯಾನಿನಲ್ಲಿ ಕಾಣದಿದ್ದ ಪೆಟ್ಟು ಇಷ್ಟು ವರ್ಷಗಳ ಮೇಲೆ ಹೀಗೆ ಕಾಣಿಸಿಕೊಳ್ಳಲು ಸಾಧ್ಯವೇ? ಸಾಧ್ಯವಾದರೆ, ಇದು ಮುಂದೆ ಬುದ್ಧಿಯನ್ನೇ ಕಳೆಯುವ ಮರೆವಿನ ಕಾಯಿಲೆಯಾಗಿ ಬೆಳೆಯುತ್ತದೆಯೇ? ಅಮ್ಮ ಕೇಳುವುದೂ ಎರಡನೆಯದನ್ನೇ.

ಉತ್ತರ 1: ನಿವೃತ್ತ ನರವೈದ್ಯ

ಸಾಧ್ಯ. ಆದರೆ ಆ ಒಂದು ಪದವನ್ನು ನಂಬಿ ಉಳಿದದ್ದನ್ನು ಓದದೆ ಬಿಡಬೇಡಿ.

ಸ್ಫೋಟವಾದಾಗ ಗಾಳಿಯ ಒತ್ತಡ ಕ್ಷಣಮಾತ್ರದಲ್ಲಿ ಏರಿ ಇಳಿಯುತ್ತದೆ. ಆ ಅಲೆ ದೇಹದ ಮೂಲಕ ಹಾದುಹೋಗುವಾಗ ತಲೆಬುರುಡೆ ಒಡೆಯದಿದ್ದರೂ ಒಳಗಿನ ನರತಂತುಗಳು ಎಳೆತಕ್ಕೆ ಸಿಕ್ಕಿ ಘಾಸಿಗೊಳ್ಳಬಹುದು. ಸಿ.ಟಿ. ಸ್ಕ್ಯಾನ್ ಇರುವುದು ರಕ್ತಸ್ರಾವವನ್ನೂ ಮೂಳೆ ಮುರಿತವನ್ನೂ ಹಿಡಿಯಲು; ಕೂದಲಿಗಿಂತ ಎಷ್ಟೋ ಸಣ್ಣದಾದ ನರತಂತುವಿನ ಗಾಯ ಅದಕ್ಕೆ ಕಾಣುವುದಿಲ್ಲ. ಎಚ್ಚರ ತಪ್ಪಿದ್ದು ಅರ್ಧ ಗಂಟೆಗಿಂತ ಕಡಿಮೆ, ಗೊಂದಲ ಒಂದು ದಿನಕ್ಕಿಂತ ಕಡಿಮೆ, ಸ್ಕ್ಯಾನ್ ಸರಿ ಎಂದಾದರೆ ನಾವು ಅದನ್ನು ‘ಸೌಮ್ಯ’ ಎನ್ನುತ್ತೇವೆ. ನೀವು ಬರೆದಿರುವುದನ್ನು ನೋಡಿದರೆ ನಿಮ್ಮ ತಂದೆಯವರದು ಆ ವರ್ಗಕ್ಕೆ ಸೇರುತ್ತದೆ. ಈ ಪದ ಮೊದಲ ದಿನದ ಸ್ಥಿತಿಯನ್ನು ಅಳೆಯುತ್ತದೆಯೇ ಹೊರತು ಮುಂದಿನ ಇಪ್ಪತ್ತು ವರ್ಷಗಳ ಬದುಕನ್ನಲ್ಲ. ವೈದ್ಯರೇ ಇದನ್ನು ಮರೆಯುವುದುಂಟು. ಸೌಮ್ಯ ಪೆಟ್ಟು ಬಿದ್ದವರಲ್ಲಿ ಬಹುಪಾಲು ಮಂದಿ ಕೆಲವು ವಾರ, ಹೆಚ್ಚೆಂದರೆ ಕೆಲವು ತಿಂಗಳುಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಒಂದು ಸಣ್ಣ ಪಾಲಿನವರಲ್ಲಿ ತೊಂದರೆಗಳು ಉಳಿದುಬಿಡುತ್ತವೆ. ಸ್ಯಾಪರುಗಳಂಥವರ ವಿಷಯದಲ್ಲಿ ಇನ್ನೊಂದು ಮಾತನ್ನು ಸೇರಿಸಬೇಕು: ಅವರು ಕಂಡದ್ದು ಒಂದೇ ಸ್ಫೋಟವನ್ನಲ್ಲ, ವೃತ್ತಿಯುದ್ದಕ್ಕೂ ನೂರಾರು ಸಣ್ಣ ಸ್ಫೋಟಗಳನ್ನು.

ಎರಡನೆಯ ಪ್ರಶ್ನೆಗೆ ಅಂಕಿಗಳಿಂದಲೇ ಉತ್ತರಿಸುತ್ತೇನೆ. ಅಮೆರಿಕದ ಮಾಜಿ ಸೈನಿಕರ ಆರೋಗ್ಯ ದಾಖಲೆಗಳನ್ನು ಆಧರಿಸಿ 2018ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ, ಮಿದುಳಿಗೆ ಪೆಟ್ಟಾದ ಸುಮಾರು 1,79,000 ಮಂದಿಯನ್ನು ಪೆಟ್ಟಾಗದ ಅಷ್ಟೇ ಮಂದಿಯೊಂದಿಗೆ ಹೋಲಿಸಿದರು. ಎಚ್ಚರವೂ ತಪ್ಪದಿದ್ದ ಸೌಮ್ಯ ಪೆಟ್ಟಿನವರಲ್ಲಿ ಕೂಡ ಡಿಮೆನ್ಷಿಯಾದ, ಅಂದರೆ ನೀವು ಕೇಳಿದ ಮರೆವಿನ ಕಾಯಿಲೆಯ, ಸಂಭವ ಎರಡು ಪಟ್ಟಿಗಿಂತ ಹೆಚ್ಚಿತ್ತು. ಮಧ್ಯಮ ಮತ್ತು ತೀವ್ರ ಪೆಟ್ಟಿನವರಲ್ಲಿ ಅದು ನಾಲ್ಕು ಪಟ್ಟಿನ ಸಮೀಪಕ್ಕೆ ಬಂದಿತ್ತು. ಎರಡು ಪಟ್ಟು ಎಂದೊಡನೆ ಎದೆ ಧಸಕ್ಕೆನ್ನುತ್ತದೆ. ಅದೇ ಅಧ್ಯಯನವನ್ನು ಇನ್ನೊಂದು ಬಗೆಯಲ್ಲಿ ಓದಿ: ಆ ಅವಧಿಯಲ್ಲಿ ಪೆಟ್ಟಾಗದವರಲ್ಲಿ ನೂರಕ್ಕೆ 2.6 ಮಂದಿಗೆ, ಪೆಟ್ಟಾದವರಲ್ಲಿ ನೂರಕ್ಕೆ 6.1 ಮಂದಿಗೆ ಕಾಯಿಲೆ ಬಂತು. ಅಂದರೆ ಪೆಟ್ಟಾದ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಮಂದಿಗೆ ಬರಲಿಲ್ಲ. ಇದನ್ನು ನಿಮ್ಮ ತಾಯಿಯವರಿಗೆ ಓದಿಹೇಳಿ.

ಈಗ ಮಾಡಬೇಕಾದ್ದು. ನಿಮ್ಮ ತಂದೆಯವರಿಗೆ ಮರೆವು ಇದೆಯೇ, ಇಲ್ಲವೇ ಹೇಳಿದ್ದು ಕೇಳಿಸುತ್ತಿಲ್ಲವೇ ಎಂಬುದನ್ನು ಮೊದಲು ತಿಳಿಯಿರಿ. ಕಿವಿತಮಟೆ ಹರಿದ ಸೈನಿಕರಲ್ಲಿ ಎತ್ತರದ ಸ್ವರಗಳು ಮೊದಲು ಕೇಳದಾಗುತ್ತವೆ. ಮಾತಿನ ದನಿ ಕೇಳುತ್ತದೆ, ವ್ಯಂಜನಗಳು ಸಿಗುವುದಿಲ್ಲ. ‘ನಾಳೆ ಹತ್ತಕ್ಕೆ’ ಎಂದದ್ದು ಪೂರ್ತಿ ಮನಸ್ಸಿಗೆ ಇಳಿದೇ ಇರದಿದ್ದರೆ ನೆನಪಿನಲ್ಲಿ ಉಳಿಯುವುದು ಹೇಗೆ? ಮನೆಯವರು ಅದನ್ನು ಮರೆವು ಎನ್ನುತ್ತಾರೆ, ಅವರು ಅವಮಾನವೆಂದು ಸಿಟ್ಟಾಗುತ್ತಾರೆ. ಹಾಗೆಂದು ಕಿವಿ ಕೇಳದವರು ಕುಕ್ಕರಿನ ಸೀಟಿಗೆ ಬೆಚ್ಚುವುದಿಲ್ಲವೆಂದು ತಿಳಿಯಬೇಡಿ; ಮಂದವಾದ ಕಿವಿಗೇ ಥಟ್ಟನೆ ಬಂದ ದೊಡ್ಡ ಸದ್ದು ಸಹಿಸಲಾಗದಷ್ಟು ಚುಚ್ಚುವುದುಂಟು. ಕಿವಿಯ ಪರೀಕ್ಷೆಗೆ ಅರ್ಧ ದಿನ ಸಾಕು.

ರಾತ್ರಿ ಗೊರಕೆ ನಡುವೆ ನಿಂತು ಉಸಿರು ಕಟ್ಟುತ್ತದೆಯೇ ಎಂದು ತಾಯಿಯವರನ್ನು ಕೇಳಿ. ನಿದ್ರೆಯ ಉಸಿರುಗಟ್ಟುವಿಕೆ ಮಿದುಳಿಗೆ ಪೆಟ್ಟಾದವರಲ್ಲಿ ಸಾಮಾನ್ಯ, ಬೆಳಗಿನ ತಲೆನೋವಿಗೂ ಹಗಲಿನ ಮರೆವಿಗೂ ಅದೊಂದೇ ಕಾರಣವಾಗಿರಬಹುದು. ಹಾಗಿದ್ದರೆ ನಿದ್ದೆ ಮಾತ್ರೆಯೂ ರಮ್ಮೂ ಅದನ್ನು ಇನ್ನಷ್ಟು ಕೆಡಿಸುತ್ತವೆ. ಆದರೆ ಬಹುಕಾಲದಿಂದ ನುಂಗುತ್ತಿರುವ ಮಾತ್ರೆಯನ್ನೂ ನಿತ್ಯದ ಕುಡಿತವನ್ನೂ ಒಂದೇ ದಿನ ನಿಲ್ಲಿಸಿದರೆ ಫಿಟ್ಸ್ ಬರುವ ಅಪಾಯವಿದೆ, ವೈದ್ಯರ ಮೇಲ್ವಿಚಾರಣೆಯಲ್ಲಿ ಇಳಿಸಬೇಕು. ತಲೆನೋವಿಗೆ ತಿಂಗಳಲ್ಲಿ ಹದಿನೈದು ದಿನ ನೋವಿನ ಮಾತ್ರೆ ನುಂಗುತ್ತಿದ್ದರೆ ಆ ಮಾತ್ರೆಯೇ ತಲೆನೋವು ತರುತ್ತಿರಬಹುದು. ಬಿ12, ಥೈರಾಯ್ಡ್, ಜೊತೆಗೆ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಹಾರ್ಮೋನುಗಳ ರಕ್ತಪರೀಕ್ಷೆ ಮಾಡಿಸಿ. ಪೆಟ್ಟಿನಿಂದ ಆ ಗ್ರಂಥಿ ಸೊರಗಿ, ವರ್ಷಗಟ್ಟಲೆ ಸುಸ್ತು ಮತ್ತು ಮಂಕು ಕಾಡಿದವರನ್ನು ನಾನು ನೋಡಿದ್ದೇನೆ.

ಮರೆವು ಕೆಲವೇ ವಾರಗಳಲ್ಲಿ ಹೆಚ್ಚಿದ್ದರೆ, ನಡಿಗೆ ತೂಗಾಡುತ್ತಿದ್ದರೆ, ಇತ್ತೀಚೆಗೆ ಎಲ್ಲಾದರೂ ಬಿದ್ದಿದ್ದರೆ ಕಾಯದೆ ಹೊಸ ಸಿ.ಟಿ. ಮಾಡಿಸಿ. ಕುಡಿಯುವವರಲ್ಲಿ ಸಣ್ಣಗೆ ಬಿದ್ದರೂ ಮಿದುಳಿನ ಹೊರಪೊರೆಯ ಕೆಳಗೆ ರಕ್ತ ನಿಧಾನವಾಗಿ ಸೇರಿಕೊಳ್ಳುತ್ತದೆ. ಅದನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯಬಹುದು.

ಉತ್ತರ 2: ಮನಶ್ಶಾಸ್ತ್ರದ ಅಧ್ಯಾಪಕಿ

ಡಾಕ್ಟರರ ಪರೀಕ್ಷೆಗಳ ಪಟ್ಟಿಗೆ ನನ್ನ ಪೂರ್ಣ ಸಮ್ಮತಿಯಿದೆ. ಆದರೆ ಎಲ್ಲವನ್ನೂ ಒತ್ತಡದ ಅಲೆಯ ಖಾತೆಗೆ ಬರೆಯುವುದಕ್ಕೆ ನಾನು ಒಪ್ಪುವುದಿಲ್ಲ.

ಈ ವಾದ ನೂರು ವರ್ಷಗಳಷ್ಟು ಹಳೆಯದು. 1915ರಲ್ಲಿ ಚಾರ್ಲ್ಸ್ ಮೈಯರ್ಸ್ ಎಂಬ ಬ್ರಿಟಿಷ್ ವೈದ್ಯರು ‘ಶೆಲ್ ಶಾಕ್’ ಎಂಬ ಪದವನ್ನು ವೈದ್ಯಕೀಯ ಬರಹಕ್ಕೆ ತಂದಾಗ, ಶೆಲ್ಲುಗಳ ಸ್ಫೋಟವೇ ಸೈನಿಕರ ಮಿದುಳನ್ನು ಅಲುಗಿಸಿದೆ ಎಂಬ ನಂಬಿಕೆ ಬಲವಾಗಿತ್ತು. ಸ್ಫೋಟದ ಹತ್ತಿರವೇ ಸುಳಿಯದವರಲ್ಲೂ ಅವೇ ಲಕ್ಷಣಗಳು ಕಂಡಾಗ ಮೈಯರ್ಸ್ ಅವರೇ ಆ ಹೆಸರಿನ ಬಗ್ಗೆ ಅಸಮಾಧಾನಗೊಂಡರು. ಇರಾಕ್‌ನಿಂದ ಮರಳಿದ 2,525 ಅಮೆರಿಕನ್ ಕಾಲಾಳುಗಳ ಸಮೀಕ್ಷೆಯೊಂದು 2008ರಲ್ಲಿ ಪ್ರಕಟವಾಯಿತು. ಎಚ್ಚರ ತಪ್ಪುವಂಥ ಪೆಟ್ಟು ತಿಂದವರಲ್ಲಿ ನೂರಕ್ಕೆ 44ರಷ್ಟು ಮಂದಿಗೆ ಆಘಾತೋತ್ತರ ಒತ್ತಡದ ಕಾಯಿಲೆ, ಅಂದರೆ ಪಿ.ಟಿ.ಎಸ್.ಡಿ., ಇತ್ತು, ಯಾವ ಗಾಯವೂ ಆಗದವರಲ್ಲಿ ಅದು ನೂರಕ್ಕೆ 9ರಷ್ಟು ಮಾತ್ರ. ಆ ಕಾಯಿಲೆಯನ್ನೂ ಖಿನ್ನತೆಯನ್ನೂ ಲೆಕ್ಕದಿಂದ ಬೇರ್ಪಡಿಸಿ ನೋಡಿದಾಗ, ತಲೆಪೆಟ್ಟಿನ ಪಾಲಿಗೆ ಸ್ಪಷ್ಟವಾಗಿ ಉಳಿದದ್ದು ತಲೆನೋವು ಒಂದೇ.

ದೀಪಾವಳಿಯಲ್ಲಿ ತೋಟದ ಮನೆಗೆ ಹೋಗಿ ಮಲಗುವುದು, ಸೀಟಿಗೆ ಬೆಚ್ಚುವುದು, ಇಪ್ಪತ್ತು ವರ್ಷ ಮನೆಯವರಿಗೂ ಹೇಳದೆ ನುಂಗಿಕೊಂಡದ್ದು ಇವೆಲ್ಲ ನನಗೆ ಬೇರೆಯದೇ ಕಥೆಯನ್ನು ಹೇಳುತ್ತವೆ. ಆ ದಿನ ಸಿಡಿದ ಬಾಂಬಿನ ಹತ್ತಿರ ಇನ್ನು ಯಾರಿದ್ದರು? ಅವರಿಗೇನಾಯಿತು? ಇದನ್ನು ನೀವು ಕೇಳಿಲ್ಲ ಎಂದುಕೊಳ್ಳುತ್ತೇನೆ. ಅವರಾಗಿ ಹೇಳುವವರೆಗೆ ಕೇಳಬೇಡಿ ಕೂಡ. ಇದಕ್ಕೆ ಕ್ರಮಬದ್ಧವಾದ ಮಾತಿನ ಚಿಕಿತ್ಸೆ ಇದೆ, ಹಳೆಯ ಆಘಾತಕ್ಕೂ ಅದು ಫಲ ಕೊಡುತ್ತದೆ. ಮಿದುಳು ಕೆಟ್ಟಿದೆ ಎಂದು ಒಮ್ಮೆ ನಂಬಿಬಿಟ್ಟ ಮನುಷ್ಯ ಚಿಕಿತ್ಸೆಗೆ ಮನಸ್ಸು ಕೊಡುವುದಿಲ್ಲವೆಂಬುದೇ ನನ್ನ ಆತಂಕ. ತುರ್ತಾಗಿ ಯಾರೊಂದಿಗಾದರೂ ಮಾತನಾಡಬೇಕೆನಿಸಿದರೆ 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತನಾಡಬಹುದು.

ಉತ್ತರ 3: ನಿವೃತ್ತ ನರವೈದ್ಯ

ಅಧ್ಯಾಪಕಿಯವರು ಉಲ್ಲೇಖಿಸಿದ ಸಮೀಕ್ಷೆ ಯುದ್ಧದಿಂದ ಮರಳಿದ ಮೂರು-ನಾಲ್ಕು ತಿಂಗಳುಗಳಲ್ಲಿ ನಡೆದದ್ದು. ಇಪ್ಪತ್ತು ವರ್ಷಗಳ ಪ್ರಶ್ನೆಗೆ ಅದೊಂದೇ ಉತ್ತರವಾಗಲಾರದು. 2016ರಲ್ಲಿ ಡೇನಿಯಲ್ ಪರ್ಲ್ ಮತ್ತು ಸಂಗಡಿಗರು, ಸ್ಫೋಟಕ್ಕೆ ಸಿಕ್ಕು ನಂತರ ತೀರಿಕೊಂಡ ಸೈನಿಕರ ಮಿದುಳುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಬೂದು ಮತ್ತು ಬಿಳಿ ಭಾಗಗಳು ಕೂಡುವ ಅಂಚುಗಳಲ್ಲಿ, ರಕ್ತನಾಳಗಳ ಸುತ್ತ, ದ್ರವಕ್ಕೆ ತಾಗಿರುವ ಮೈಗಳಲ್ಲಿ ವಿಶಿಷ್ಟವಾದ ಕಲೆಗಳನ್ನು ಕಂಡರು. ಸಾಂದ್ರತೆ ಬದಲಾಗುವ ಗಡಿಯಲ್ಲೇ ಒತ್ತಡದ ಅಲೆ ಹೆಚ್ಚು ಹಾನಿ ಮಾಡುತ್ತದೆಂಬ ಭೌತಶಾಸ್ತ್ರದ ನಿಯಮಕ್ಕೆ ಅದು ಸರಿಹೊಂದುತ್ತದೆ. ಆದರೆ ಪರೀಕ್ಷಿಸಿದ ಮಿದುಳುಗಳು ಬೆರಳೆಣಿಕೆಯವು, ಮತ್ತು ಅವರಲ್ಲಿ ಹಲವರಿಗೆ ಪಿ.ಟಿ.ಎಸ್.ಡಿ.ಯೂ ಇತ್ತು. ಎರಡೂ ಒಂದೇ ತಲೆಯೊಳಗೆ ಇರಬಹುದು ಎನ್ನುವಲ್ಲಿಗೆ ನಾವಿಬ್ಬರೂ ಒಪ್ಪಬಹುದೆಂದು ತೋರುತ್ತದೆ.

ಇನ್ನೊಂದು ಮಾತು. ತಲೆಗೆ ಪದೇ ಪದೇ ಪೆಟ್ಟು ಬೀಳುವ ಅಮೆರಿಕನ್ ಫುಟ್‌ಬಾಲ್ ಆಟಗಾರರ ಮಿದುಳಿನಲ್ಲಿ ಕಂಡ ಸಿ.ಟಿ.ಇ. ಎಂಬ ರೋಗದ ಹೆಸರು ಅಂತರ್ಜಾಲದಲ್ಲಿ ನಿಮ್ಮ ಕಣ್ಣಿಗೆ ಬಿದ್ದೇ ಬೀಳುತ್ತದೆ. ಅದನ್ನು ಖಚಿತಪಡಿಸಲು ಈಗ ಸಾಧ್ಯವಿರುವುದು ಮರಣಾನಂತರದ ಪರೀಕ್ಷೆಯಿಂದ ಮಾತ್ರ. ಬದುಕಿರುವವರಿಗೆ ಅದಿದೆ ಎಂದು ಪರೀಕ್ಷೆ ಮಾರುವವರನ್ನು ನಂಬಬೇಡಿ. ಅಮೆರಿಕದ ಸೇನಾ ಮಿದುಳು ಭಂಡಾರದ 225 ಮಿದುಳುಗಳಲ್ಲಿ ಅದು ಸಿಕ್ಕಿದ್ದು ಹತ್ತರಲ್ಲಿ, ಆ ಹತ್ತೂ ಮಂದಿ ಮೈಗೆ ಮೈ ತಾಗುವ ಆಟಗಳನ್ನು ಆಡಿದ್ದವರು. 2022ರಲ್ಲಿ ಪ್ರಕಟವಾದ ಈ ವರದಿ ಸೈನಿಕ ಕುಟುಂಬಗಳಿಗೆ ತಕ್ಕಮಟ್ಟಿಗೆ ನೆಮ್ಮದಿ ತರಬೇಕು.

ಉತ್ತರ 4: ಕಾಫಿ ಹೂವು

ನಾನು ಕೊಡಗಿನವಳು. ನನ್ನ ಯಜಮಾನರದು ಕಾಣುವ ಗಾಯ: ಕಾಶ್ಮೀರದಲ್ಲಿ ಗ್ರೆನೇಡಿನ ಚೂರೊಂದು ಹಣೆಯ ಬಲಭಾಗದಿಂದ ಒಳಹೊಕ್ಕಿತ್ತು. ಶಸ್ತ್ರಚಿಕಿತ್ಸೆಯಾಗಿ ಗುಣಮುಖರಾದರೆಂದು ಎಲ್ಲರೂ ಭಾವಿಸಿದ್ದೆವು. ಹನ್ನೊಂದು ವರ್ಷಗಳ ನಂತರ ಒಂದು ಬೆಳಗ್ಗೆ, ಕಾಫಿ ಒಣಹಾಕಿದ ಕಣದಲ್ಲಿ, ಮೊದಲ ಸಲ ಫಿಟ್ಸ್ ಬಂತು. ಇಷ್ಟು ತಡವಾಗಿ ಹೇಗೆ ಎಂದು ಕೇಳಿದಾಗ ವೈದ್ಯರು ವಿಯೆಟ್ನಾಂ ಯುದ್ಧದಲ್ಲಿ ತಲೆಗೆ ಗಾಯಗೊಂಡ ಸೈನಿಕರನ್ನು ದಶಕಗಳ ಕಾಲ ಹಿಂಬಾಲಿಸಿದ ಅಧ್ಯಯನದ ವಿಷಯ ಹೇಳಿದರು. ಚೂರು ಒಳಹೊಕ್ಕ ಗಾಯದವರಲ್ಲಿ ಹದಿನೈದು ವರ್ಷಗಳೊಳಗೆ ಸುಮಾರು ಅರ್ಧದಷ್ಟು ಮಂದಿಗೆ ಅಪಸ್ಮಾರ ಬಂದಿತ್ತಂತೆ, ಇನ್ನು ಕೆಲವರಿಗೆ ಅದಕ್ಕಿಂತಲೂ ತಡವಾಗಿ. ನಿಮ್ಮ ತಂದೆಯವರ ಬಗೆಯ ಗಾಯದಲ್ಲಿ ಆ ಅಪಾಯ ಬಹಳ ಕಡಿಮೆಯೆಂದೂ ಅವರೇ ಹೇಳಿದರು, ಆದ್ದರಿಂದ ನನ್ನ ಮಾತಿನಿಂದ ಹೆದರಬೇಡಿ.

ನಾನು ಬರೆಯಲು ಕುಳಿತದ್ದು ಬೇರೆಯದನ್ನು. ಹಣೆಯ ಹಿಂದಿನ ಮಿದುಳಿಗೆ ಪೆಟ್ಟಾದರೆ ಸಿಟ್ಟು ಬರುವುದಕ್ಕೂ ಅದು ಹೊರಬೀಳುವುದಕ್ಕೂ ನಡುವೆ ಇರಬೇಕಾದ ತಡೆ ತೆಳುವಾಗುತ್ತದೆ. ನಮ್ಮವರು ಐದು ನಿಮಿಷದ ನಂತರ ತಾವೇ ನಾಚಿಕೊಳ್ಳುತ್ತಾರೆ. ಮೊದಮೊದಲು ನಾನೂ ಎದುರುತ್ತರ ಕೊಡುತ್ತಿದ್ದೆ. ಈಗ ಆ ಐದು ನಿಮಿಷ ಹಿತ್ತಲಿಗೆ ಹೋಗಿಬಿಡುತ್ತೇನೆ. ಒಂದು ಸಲಕ್ಕೆ ಒಂದೇ ಕೆಲಸ ಹೇಳುತ್ತೇನೆ. ಅಡುಗೆಮನೆಯ ಬಾಗಿಲಿಗೆ ಹಲಗೆಯೊಂದನ್ನು ತೂಗುಹಾಕಿ ದಿನದ ಕೆಲಸಗಳನ್ನು ಬರೆಯುತ್ತೇವೆ, ಮುಗಿದದ್ದನ್ನು ಅವರೇ ಅಳಿಸುತ್ತಾರೆ. ‘ಮರೆತಿರಾ?’ ಎಂಬ ಮಾತು ನಮ್ಮ ಮನೆಯಲ್ಲಿ ನಿಂತು ಆರು ವರ್ಷವಾಯಿತು. ನಿಮ್ಮ ತಂದೆಯವರ ಕಾಯಿ ಲೆಕ್ಕಕ್ಕೂ ನೂರಕ್ಕೊಂದು ಕಲ್ಲು ಪಕ್ಕಕ್ಕೆ ಇಡುವ ರೂಢಿ ಮಾಡಿನೋಡಿ. ಅದು ಹಳಬರೂ ಮಾಡುತ್ತಿದ್ದ ಕ್ರಮವಾದ್ದರಿಂದ ಅವಮಾನವೆನಿಸಲಿಕ್ಕಿಲ್ಲ.

ಹೇಳಲು ಕಷ್ಟವಾದರೂ ಹೇಳಬೇಕಾದ ಇನ್ನೊಂದಿದೆ. ಮಿದುಳಿಗೆ ಪೆಟ್ಟಾದವರಲ್ಲಿ ಆತ್ಮಹತ್ಯೆಯ ಅಪಾಯ ಉಳಿದವರಿಗಿಂತ ಹೆಚ್ಚು. ನಮ್ಮಲ್ಲಿ ಮನೆಗೊಂದು ಕೋವಿ ಇರುವುದು ವಾಡಿಕೆ, ಅದಕ್ಕೆ ಲೈಸೆನ್ಸಿನ ವಿನಾಯಿತಿಯೂ ಇದೆ. ವೈದ್ಯರ ಮಾತಿನಂತೆ ನಮ್ಮ ಕೋವಿಯನ್ನು ಭಾವನವರ ಮನೆಯಲ್ಲಿ ಇರಿಸಿದೆವು. ಕೈಲ್ ಪೊಳ್ದಿನ ದಿನ ಭಾವನವರೇ ತಂದು ಪೂಜೆಗೆ ಇಡುತ್ತಾರೆ, ಸಂಜೆ ಒಯ್ಯುತ್ತಾರೆ. ಮೊದಲ ವರ್ಷ ಯಜಮಾನರಿಗೆ ನೋವಾಯಿತು. ನಿಮ್ಮದು ತೋಟದ ಮನೆ, ಅಲ್ಲಿ ಕೀಟನಾಶಕದ ಡಬ್ಬಿಗಳಿರುತ್ತವೆ; ಅವರು ಒಬ್ಬರೇ ಮಲಗುವ ದಿನಗಳಲ್ಲಾದರೂ ಅವು ಅಲ್ಲಿರದಂತೆ ನೋಡಿಕೊಳ್ಳಿ.

ಉತ್ತರ 5: ಹಳೆಯ ಸುಬೇದಾರ್

ಮಗಳೇ, ನಾನು ಸೇನೆಯ ವೈದ್ಯಕೀಯ ದಳದಲ್ಲಿ ಇಪ್ಪತ್ತಾರು ವರ್ಷ ಸೇವೆ ಮಾಡಿದವನು. ನಿಮ್ಮ ತಂದೆಯವರು ಯಾಕೆ ಹೇಳಲಿಲ್ಲ ಎಂಬುದಕ್ಕೆ ಉತ್ತರ ನನ್ನಲ್ಲಿದೆ. ಸೈನಿಕನ ಆರೋಗ್ಯವನ್ನು ಐದು ಅಕ್ಷರಗಳ ‘ಶೇಪ್’ ಎಂಬ ಅಳತೆಯಲ್ಲಿ ದಾಖಲಿಸುತ್ತಾರೆ; ಮೊದಲ ಅಕ್ಷರ ಮನಸ್ಸಿನದು, ಎರಡನೆಯದು ಕಿವಿಯದು. ಯಾವುದರಲ್ಲಿ ಇಳಿದರೂ ಲೋ ಮೆಡಿಕಲ್ ಕೆಟಗರಿ, ಬಡ್ತಿಗೆ ಅಡ್ಡಿ. ತಲೆ ತಿರುಗುತ್ತದೆ ಎನ್ನುವುದಕ್ಕಿಂತ ನೋವಿನ ಮಾತ್ರೆ ನುಂಗಿ ಪರೇಡಿಗೆ ನಿಲ್ಲುವುದನ್ನು ‘ಥಂಬಿ’ಗಳು, ಅಂದರೆ ಮದ್ರಾಸ್ ಸ್ಯಾಪರುಗಳು, ಮಾತ್ರವಲ್ಲ, ಎಲ್ಲ ರೆಜಿಮೆಂಟಿನವರೂ ಮಾಡುತ್ತಾರೆ. ಬೇರೆ ಸೇನೆಗಳ ಕಥೆಯೂ ಇದೇ. 2020ರ ಜನವರಿ 8ರಂದು ಇರಾಕ್‌ನ ಐನ್ ಅಲ್ ಅಸದ್ ನೆಲೆಯ ಮೇಲೆ ಇರಾನಿನ ಕ್ಷಿಪಣಿಗಳು ಬಿದ್ದಾಗ ಅಮೆರಿಕದವರಿಗೆ ಯಾವ ಹಾನಿಯೂ ಆಗಿಲ್ಲವೆಂದು ಮೊದಲು ಸಾರಿದರು. ವಾರಗಳ ನಂತರ ನೂರಕ್ಕೂ ಹೆಚ್ಚು ಮಂದಿಯ ಮಿದುಳಿಗೆ ಪೆಟ್ಟಾಗಿರುವುದು ಹೊರಬಂತು.

ಈಗ ಕಾಗದಪತ್ರದ ವಿಷಯ. ಡಿಸ್ಚಾರ್ಜ್ ಬುಕ್ಕನ್ನೂ ನಿವೃತ್ತಿಯ ಮೆಡಿಕಲ್ ಬೋರ್ಡಿನ ಪ್ರತಿಯನ್ನೂ ಹುಡುಕಿಡಿ. 2003ರ ಆಸ್ಪತ್ರೆ ದಾಖಲೆ ಮತ್ತು ಇಂಜುರಿ ರಿಪೋರ್ಟ್ ಮನೆಯಲ್ಲಿ ಇಲ್ಲದಿದ್ದರೆ ಬೆಂಗಳೂರಿನಲ್ಲೇ ಇರುವ ಅವರ ರೆಕಾರ್ಡ್ ಆಫೀಸಿಗೆ ಬರೆಯಿರಿ, ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನಡಿ ಕೇಳಿ. ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್‌ನ ಕಾರ್ಡಿದ್ದರೆ ಪಾಲಿಕ್ಲಿನಿಕ್ಕಿನಿಂದಲೇ ಕಿವಿ, ನಿದ್ರೆ, ನರರೋಗದ ತಜ್ಞರಿಗೆ ರೆಫರಲ್ ಪಡೆಯಿರಿ. ನೆನಪಿನ ಶಕ್ತಿಯ ವಿವರವಾದ ಪರೀಕ್ಷೆಯನ್ನು ನಿಮ್ಹಾನ್ಸ್‌ನಲ್ಲಿ ಕನ್ನಡದಲ್ಲೇ ಮಾಡುತ್ತಾರೆ. ಒಂದು ವರ್ಷದ ನಂತರ ಮತ್ತೆ ಮಾಡಿಸಿದರೆ ಇಳಿಯುತ್ತಿದೆಯೇ, ನಿಂತಿದೆಯೇ ಎಂಬುದು ತಿಳಿಯುತ್ತದೆ.

ಪಿಂಚಣಿಯ ಬಗ್ಗೆ ಯಾರಾದರೂ ಆಸೆ ತೋರಿಸಿಯಾರು. ಧರಂವೀರ್ ಸಿಂಗ್ ಎಂಬ ಸಿಗ್ನಲ್ಸ್ ಸಿಪಾಯಿಯನ್ನು 1994ರಲ್ಲಿ ಅಪಸ್ಮಾರದ ಕಾರಣಕ್ಕೆ ಬೋರ್ಡ್ ಔಟ್ ಮಾಡಿ, ಅಂದರೆ ಸೇವೆಗೆ ಅನರ್ಹನೆಂದು ಹೊರಗೆ ಕಳುಹಿಸಿ, ಕಾಯಿಲೆಗೂ ಸೇವೆಗೂ ಸಂಬಂಧವಿಲ್ಲವೆಂದು ಅಂಗವೈಕಲ್ಯ ಪಿಂಚಣಿ ನಿರಾಕರಿಸಿದ್ದರು. ಸೇರುವಾಗ ಕಾಯಿಲೆಯಿತ್ತೆಂದು ದಾಖಲೆಯಲ್ಲಿ ಇಲ್ಲದಿದ್ದರೆ ಅದು ಸೇವೆಯಿಂದಲೇ ಬಂದದ್ದೆಂದು ಭಾವಿಸಬೇಕು, ಅಲ್ಲವೆಂದು ತೋರಿಸುವ ಹೊಣೆ ಸರ್ಕಾರದ್ದು ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ತೀರ್ಪಿತ್ತಿತು. ಆದರೆ ಆತ ಕಾಯಿಲೆ ದಾಖಲಾಗಿಯೇ ಹೊರಬಂದವನು. ನಿಮ್ಮ ತಂದೆಯವರು ಪೂರ್ಣ ಆರೋಗ್ಯವಂತರೆಂದು ಬರೆಸಿಕೊಂಡು ಬಂದಿದ್ದರೆ ದಾರಿ ಕಷ್ಟದ್ದು. ಮೊದಲು ದಾಖಲೆ ಕೈಗೆ ಬರಲಿ, ನಂತರ ಜಿಲ್ಲೆಯ ಸೈನಿಕ ಕಲ್ಯಾಣ ಇಲಾಖೆಯಲ್ಲಿ ವಿಚಾರಿಸಿ. ಅದಕ್ಕೂ ಮೊದಲು ಯಾವ ವಕೀಲರಿಗೂ ಹಣ ಕೊಡಬೇಡಿ.

ತೆಂಗಿನತೋಟ, ಏಳು ವಾರಗಳ ನಂತರ

ಎಲ್ಲರಿಗೂ ವಂದನೆಗಳು. ಕಿವಿಯ ಪರೀಕ್ಷೆಯಲ್ಲಿ ಎರಡೂ ಕಿವಿಗಳಲ್ಲಿ ಎತ್ತರದ ಸ್ವರಗಳು ಕೇಳದಿರುವುದು ಗೊತ್ತಾಯಿತು, ಎಡಗಿವಿಯಲ್ಲಿ ಹೆಚ್ಚು. ಶ್ರವಣ ಸಾಧನಕ್ಕೆ ಪಾಲಿಕ್ಲಿನಿಕ್ಕಿನಲ್ಲಿ ಅರ್ಜಿ ಕೊಟ್ಟಿದ್ದೇವೆ. ಗೊರಕೆ ನಡುವೆ ನಿಲ್ಲುತ್ತದೆಂದು ಅಮ್ಮ ಮೂರು ವರ್ಷದಿಂದ ಹೇಳುತ್ತಿದ್ದರಂತೆ, ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ನಿದ್ರೆಯ ಪರೀಕ್ಷೆಗೆ ಮುಂದಿನ ತಿಂಗಳು ದಿನಾಂಕ ಸಿಕ್ಕಿದೆ. ನಿದ್ದೆ ಮಾತ್ರೆಯನ್ನು ವೈದ್ಯರು ಕಾಲು ಭಾಗದಷ್ಟು ಇಳಿಸಿದ್ದಾರೆ. ಹೊಸ ಸಿ.ಟಿ.ಯಲ್ಲಿ ರಕ್ತ ಸೇರಿಲ್ಲ. ನೆನಪಿನ ಪರೀಕ್ಷೆಯಲ್ಲಿ ಗಮನ ಮತ್ತು ವೇಗ ಕಡಿಮೆಯೆಂದೂ, ಕಲಿತದ್ದನ್ನು ಸುಳಿವು ಕೊಟ್ಟರೆ ನೆನಪಿಸಿಕೊಳ್ಳುತ್ತಾರೆಂದೂ ಬಂದಿದೆ. ಕೀಟನಾಶಕವನ್ನು ಚಿಕ್ಕಪ್ಪನ ಮನೆಗೆ ಸಾಗಿಸಿದೆ. ರಮ್ಮು ಮಾತ್ರ ನಿಂತಿಲ್ಲ.

ಟ್ರಂಕಿನ ತಳದಲ್ಲಿ 2003ರ ಆಸ್ಪತ್ರೆಯ ಚೀಟಿಯೊಂದು ಸಿಕ್ಕಿತು. ಅದನ್ನು ನೋಡಿದ ಮೇಲೆ ಅಪ್ಪ ತಾವಾಗಿಯೇ ಸೇಲಂನಲ್ಲಿರುವ ತಮ್ಮ ಹಳೆಯ ಜೊತೆಗಾರರಿಗೆ ಫೋನ್ ಮಾಡಿದರು. ಅಂದು ಬಾಂಬಿಗೆ ಅಪ್ಪನಿಗಿಂತ ಹತ್ತಿರ ನಿಂತಿದ್ದವರು ಅವರು. ಇಬ್ಬರೂ ಸ್ಪೀಕರ್ ಹಾಕಿಕೊಂಡು ತಮಿಳಿನಲ್ಲಿ ಒಂದೂವರೆ ಗಂಟೆ ಕೂಗಾಡಿದರು, ಇಬ್ಬರಿಗೂ ಕಿವಿ ಕೇಳದು. ಅವರೂ ಹೋದ ದೀಪಾವಳಿಯಲ್ಲಿ ಮನೆಯಲ್ಲಿರಲಿಲ್ಲವಂತೆ.